ಕಕ್ಕಡದ (ಜುಲೈ-ಆಗಸ್ಟ್) ಮಳೆಗೂ ಕೆಡದ ಕಸದ ವ್ಯವಸ್ಥೆ: ಕೊಡಗಿನ ದೊಡ್ಡ ಸಂಸ್ಥೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದಿನ ಮಾತು. ಮಡಿಕೇರಿ ಸೀಮೆಯ ಒಂದು ವಸತಿ ಕಾಲೇಜಿನಲ್ಲಿ ನಿಲಯಪಾಲಕನಾಗಿದ್ದೆ. ಮಾರ್ಚ್ ತಿಂಗಳಲ್ಲಿ ಅಡುಗೆಮನೆಯ ಹಿಂದೆ, ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿಗೆ, ಎರಡು ದೊಡ್ಡ ಗುಂಡಿ ತೋಡಿಸಿ ಹಸಿ ಕಸವನ್ನೆಲ್ಲ ಅದಕ್ಕೆ ಹಾಕಿಸತೊಡಗಿದೆ. ಮೇ ತನಕ ವಾಸನೆಯಿಲ್ಲ, ನೊಣವಿಲ್ಲ, ನೋಡಿದವರೆಲ್ಲ ಮೆಚ್ಚಿದರು. ಜುಲೈ ಎರಡನೇ ವಾರ ಮಳೆ ಹಿಡಿಯಿತು, ಐದು ದಿನ ಬಿಡಲಿಲ್ಲ. ಆರನೇ ದಿನ ಬೆಳಿಗ್ಗೆ ನೋಡಿದರೆ ಗುಂಡಿ ತುಂಬಿ ಕಪ್ಪು ನೀರು ಕೆಳಗಿನ ಕಾಫಿ ತೋಟದೊಳಗೆ ಹರಿದು ತೋಡು (ಸಣ್ಣ ಹಳ್ಳ) ಸೇರಿತ್ತು. ಆ ತೋಡಿನ ನೀರನ್ನೇ ದನಗಳಿಗೆ ಕುಡಿಸುತ್ತಿದ್ದ ಮನೆಯ ಹಿರಿಯರ ಮುಂದೆ ನಿಂತು ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ಮಳೆಗಾಲ ನೋಡದೆ ಇಲ್ಲಿ ಏನನ್ನೂ ಕಟ್ಟಬಾರದು ಮಾಷ್ಟ್ರೇ" ಎಂದಷ್ಟೇ ಹೇಳಿದರು.

ಈ ಬರಹ ಅವರ ಆ ಮಾತಿನ ಮೇಲೆಯೇ ನಿಂತಿದೆ. ಕಸ ವಿಲೇವಾರಿಯ ಬಗ್ಗೆ ಸಿಗುವ ಹೆಚ್ಚಿನ ಸೂಚನೆಗಳು ಬಯಲುಸೀಮೆಯ ಊರುಗಳಿಗೆ ಹೊಂದುವಂಥವು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದು ಎಂಬುದೇ ಇಲ್ಲ. ಕರೆಂಟು ದಿನಗಟ್ಟಲೆ ಬರುವುದಿಲ್ಲ, ಬರೆ ಕುಸಿದು ರಸ್ತೆ ಮುಚ್ಚಿದರೆ ಕಸದ ಗಾಡಿಯೂ ಬರುವುದಿಲ್ಲ. ಕೊಡಗಿನಲ್ಲಿ ಜುಲೈ ತಿಂಗಳಿಗೆ ಅಳತೆ ಮಾಡಿ ಕಟ್ಟಿದ ವ್ಯವಸ್ಥೆ ಮಾತ್ರ ವರ್ಷವಿಡೀ ನಡೆಯುತ್ತದೆ. ನಮ್ಮ ಅಂಗಳದಿಂದ ಹರಿದ ನೀರು ಹೆಚ್ಚಿನ ಕಡೆ ಒಂದಲ್ಲ ಒಂದು ತೋಡು ಹಿಡಿದು ಕಾವೇರಿಗೋ ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ ಸೇರುತ್ತದೆ. ಕೆಳಗಿನವರು ಅದನ್ನೇ ಕುಡಿಯುತ್ತಾರೆ.

ವಸತಿ ಶಾಲೆ, ಕಾಲೇಜು, ಆಸ್ಪತ್ರೆ, ತರಬೇತಿ ಕೇಂದ್ರ, ತಾಲ್ಲೂಕು ಮಟ್ಟದ ದೊಡ್ಡ ಕಚೇರಿ ಇವುಗಳನ್ನು ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಅನುಭವ ಹೆಚ್ಚಾಗಿ ಹಾಸ್ಟೆಲ್ಲಿನದು, ಹಾಗಾಗಿ ಅಡುಗೆಮನೆಯ ಮಾತು ಹೆಚ್ಚು ಬರುತ್ತದೆ.

ಹಂತ 1: ಹೊಣೆ ಒಬ್ಬರದಾಗಲಿ, ಅದು ಕಾಗದದಲ್ಲಿರಲಿ

ಸಂಸ್ಥೆಯ ಮುಖ್ಯಸ್ಥರಿಂದ ಒಂದು ಪುಟದ ಕಚೇರಿ ಆದೇಶ ಹೊರಡಿಸಿ. ಕಸದ ಹೊಣೆ ಯಾರದು, ಅವರು ರಜೆಯಲ್ಲಿದ್ದರೆ ಯಾರದು, ಯಾವ ಕಟ್ಟಡಕ್ಕೆ ಯಾರು ಎಂದು ಹುದ್ದೆಯ ಹೆಸರಿನಲ್ಲಿ ಬರೆಯಿರಿ. ವರ್ಗಾವಣೆಯಾದರೂ ಆದೇಶ ಉಳಿಯುತ್ತದೆ. ಹತ್ತು ಜನರ ಸಮಿತಿ ಮಾಡಿದರೆ ಯಾರೂ ಬುಟ್ಟಿಯ ಮುಚ್ಚಳ ತೆಗೆದು ನೋಡುವುದಿಲ್ಲ.

ಮೊದಲ ಸಭೆಯನ್ನು ಅಡುಗೆಯವರು ಮತ್ತು ಸ್ವಚ್ಛತೆಯ ಕೆಲಸದವರ ಜೊತೆ ಮಾಡಿ. ಅಧ್ಯಾಪಕರು, ಗುಮಾಸ್ತರ ಸಭೆ ಆಮೇಲೆ. ಯಾವ ಮಹಡಿಯ ಬುಟ್ಟಿಯಲ್ಲಿ ಊಟದ ಪೊಟ್ಟಣ ಬೀಳುತ್ತದೆ, ಯಾವ ದಿನ ಅನ್ನ ಮಿಗುತ್ತದೆ, ಮಂಗಗಳು ಯಾವ ಹೊತ್ತಿಗೆ ಬರುತ್ತವೆ ಎಂದು ಅವರಿಗೆ ಗೊತ್ತಿರುವಷ್ಟು ನಮಗೆ ಯಾರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಒಬ್ಬ ಅಕ್ಕ ಮೊದಲ ದಿನವೇ ಹೇಳಿದ್ದರು: "ಸರ್, ಬುಟ್ಟಿ ಜಾಸ್ತಿ ಇಟ್ಟಷ್ಟೂ ಕಸ ಬೆರೆಯುತ್ತದೆ." ಆಗ ನಂಬಲಿಲ್ಲ. ಮುಂದೆ ಅದೇ ನಿಜವಾಯಿತು.

ಹಂತ 2: ಏಳು ದಿನ ತೂಗಿ

ತೂಗದೆ ಏನನ್ನೂ ಕೊಳ್ಳಬೇಡಿ, ಕಟ್ಟಬೇಡಿ. ಒಂದು ತಕ್ಕಡಿ, ನಾಲ್ಕು ದೊಡ್ಡ ಡ್ರಮ್ಮು, ಒಂದು ನೋಟ್‌ಬುಕ್ಕು ಸಾಕು. ಸೋಮವಾರದಿಂದ ಭಾನುವಾರದವರೆಗೆ ದಿನಕ್ಕೆ ಎರಡು ಹೊತ್ತು, ಅಡುಗೆಮನೆ, ಊಟದ ಕೋಣೆ, ವಸತಿ ಕೊಠಡಿ, ಕಚೇರಿ, ಆರೋಗ್ಯ ಕೊಠಡಿ ಇವುಗಳ ಕಸವನ್ನು ಬೇರೆ ಬೇರೆಯಾಗಿ ತೂಗಿ ಬರೆಯಿರಿ. ಅಡುಗೆಮನೆಯಲ್ಲಿ ಇನ್ನೂ ಎರಡು ಭಾಗ ಮಾಡಿ: ತರಕಾರಿ ಸಿಪ್ಪೆಯಂಥ ಬೇಯಿಸದ ಕಸ ಒಂದು, ತಟ್ಟೆಯಲ್ಲೂ ಪಾತ್ರೆಯಲ್ಲೂ ಮಿಕ್ಕಿದ ಅಡುಗೆ ಇನ್ನೊಂದು. ಭಾನುವಾರ ಮಾಂಸದೂಟವಿದ್ದರೆ ಮೂಳೆಯನ್ನೂ ಬೇರೆ ತೂಗಿ.

ಇದೇ ಲೆಕ್ಕವನ್ನು ಒಮ್ಮೆ ಫೆಬ್ರವರಿಯಲ್ಲಿ, ಒಮ್ಮೆ ಜುಲೈಯಲ್ಲಿ ಮಾಡಬೇಕು. ಮಳೆಗಾಲದಲ್ಲಿ ಕಾಗದ, ರಟ್ಟು, ಎಲೆ ಎಲ್ಲವೂ ನೀರು ಕುಡಿದು ಭಾರವಾಗುತ್ತವೆ.

ತೂಕಕ್ಕೆ ಕಾನೂನಿನ ನಂಟೂ ಇದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ ಸರಾಸರಿ 100 ಕೆ.ಜಿ.ಗಿಂತ ಹೆಚ್ಚು ಕಸ ಬರುವ ಜಾಗಗಳನ್ನು ದೊಡ್ಡ ಪ್ರಮಾಣದ ಕಸ ಉತ್ಪಾದಕರು ಎಂದು ಗುರುತಿಸಿದವು. ಸರ್ಕಾರಿ ಕಟ್ಟಡ, ಆಸ್ಪತ್ರೆ, ಶಾಲೆ, ಕಾಲೇಜು, ಹಾಸ್ಟೆಲ್ಲು ಎಲ್ಲವೂ ಅದರಲ್ಲಿ ಸೇರಿದ್ದವು. 5,000 ಚದರ ಮೀಟರ್‌ಗಿಂತ ದೊಡ್ಡ ಆವರಣವಿರುವ ಸಂಸ್ಥೆಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದೊಳಗೇ ಸಂಸ್ಕರಿಸಬೇಕು ಎಂಬುದೂ ಆ ನಿಯಮಗಳಲ್ಲೇ ಬಂತು. ಮುನ್ನೂರು ಮಕ್ಕಳು ಮೂರು ಹೊತ್ತು ಉಣ್ಣುವ ಹಾಸ್ಟೆಲ್ಲು ಈ ಗಡಿಯ ಹತ್ತಿರ ಇದ್ದೀತು. ಊಹೆ ಬೇಡ, ತೂಗಿ.

ಹಂತ 3: ಕಸವಾಗುವ ಮೊದಲೇ ತಡೆಯಿರಿ

ಅನ್ನ ಬಡಿಸುವ ಸೌಟನ್ನು ಚಿಕ್ಕದು ಮಾಡಿ, ಎರಡನೇ ಸಲ ಬೇಕಾದಷ್ಟು ಹಾಕಿ. ನಾವು ಮಾಡಿದ ಬದಲಾವಣೆಗಳಲ್ಲಿ ಖರ್ಚಿಲ್ಲದೆ ಫಲ ಕೊಟ್ಟದ್ದು ಇದೊಂದೇ. ರಾತ್ರಿ ಊಟಕ್ಕೆ ಎಷ್ಟು ಮಂದಿ ಎಂದು ಸಂಜೆ ನಾಲ್ಕು ಗಂಟೆಯೊಳಗೆ ಅಡುಗೆಯವರಿಗೆ ಚೀಟಿ ಹೋಗಲಿ. ಪುತ್ತರಿ, ಕೈಲ್ ಪೊಳ್ದು ಹಬ್ಬಗಳ ಹೊತ್ತಿಗೆ ಮಕ್ಕಳು ಊರಿಗೆ ಹೋಗಿರುತ್ತಾರೆ. ಆ ವಾರವೂ ಎಂದಿನಷ್ಟೇ ಅಕ್ಕಿ ಹಾಕಿದರೆ ಮರುದಿನ ಗೊಬ್ಬರದ ತೊಟ್ಟಿಗೆ ಬೀಳುವುದು ಅನ್ನವೇ. ಅಕ್ಕಿ ಒಟ್ಟಿ, ಕಡಂಬುಟ್ಟಿನಂಥ ತಿಂಡಿಯನ್ನು ಎಣಿಸಿ ಮಾಡಬಹುದು. ಎಣಿಸಿ ಮಾಡಿದ ತಿಂಡಿ ಮಿಗುವುದು ಕಡಿಮೆ.

ಖರೀದಿಯಲ್ಲೂ ಗಮನವಿರಲಿ. ಸ್ಯಾಶೆಯ ಬದಲು ದೊಡ್ಡ ಕ್ಯಾನು, ಸಭೆಗಳಿಗೆ ನೀರಿನ ಬಾಟಲಿಯ ಬದಲು ಸ್ಟೀಲ್ ಲೋಟ ಮತ್ತು ಜಗ್ಗು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಥರ್ಮೋಕೋಲ್ ಅಲಂಕಾರ ಇವು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಆದರೂ ವಾರ್ಷಿಕೋತ್ಸವದ ದಿನ ಊಟದ ಗುತ್ತಿಗೆಯವರ ಚೀಲದಿಂದ ಹೊರಬರುತ್ತವೆ. ಹಾಗಾಗಿ ಗುತ್ತಿಗೆಯ ಕರಾರಿನಲ್ಲೇ ಒಂದು ಸಾಲು ಬರೆಯಿರಿ: ತಟ್ಟೆ ಲೋಟ ನಮ್ಮದು, ಪ್ಲಾಸ್ಟಿಕ್ ತಂದರೆ ವಾಪಸು ಒಯ್ಯಬೇಕು. ಒಳಗೆ ಕಾಣದ ಹಾಗೆ ಪ್ಲಾಸ್ಟಿಕ್ ಪದರ ಹಚ್ಚಿದ ಕಾಗದದ ಲೋಟವನ್ನೂ ಸೇರಿಸಿ; ಅದು ಗೊಬ್ಬರವೂ ಆಗುವುದಿಲ್ಲ, ಗುಜರಿಯವರಿಗೂ ಬೇಡ.

ಹಂತ 4: ಬುಟ್ಟಿಗಳನ್ನು ಕಡಿಮೆ ಮಾಡಿ

ತರಗತಿ ಮತ್ತು ಮಲಗುವ ಕೋಣೆಗಳಿಂದ ಬುಟ್ಟಿಗಳನ್ನು ತೆಗೆದುಬಿಡಿ. ಪ್ರತಿ ಮಹಡಿಗೆ ಒಂದೇ ಜಾಗ, ಅಲ್ಲಿ ಜೋಡಿ ಬುಟ್ಟಿ: ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ಎರಡನ್ನೂ ಎಂದಿಗೂ ಬಿಡಿಸಿ ಇಡಬೇಡಿ. ಒಂಟಿ ಬುಟ್ಟಿ ಇದ್ದಲ್ಲಿ ಎಲ್ಲವೂ ಅದಕ್ಕೇ ಬೀಳುತ್ತದೆ. ಹೆಣ್ಣುಮಕ್ಕಳ ಶೌಚಾಲಯಗಳಲ್ಲಿ ಮುಚ್ಚಳವಿರುವ ಕೆಂಪು ಬುಟ್ಟಿ ಬೇರೆಯೇ ಇರಲಿ.

ಬುಟ್ಟಿಯ ಮೇಲೆ "ಜೈವಿಕ ವಿಘಟನೀಯ" ಎಂದು ಬರೆಸುವುದಕ್ಕಿಂತ ನಿಜವಾದ ವಸ್ತುಗಳನ್ನೇ ತೋರಿಸಿ. ನಾವು ಒಂದು ಹಲಗೆಗೆ ಬಿಸ್ಕತ್ ಪೊಟ್ಟಣ, ಪೆನ್ನಿನ ಕಡ್ಡಿ, ಹಾಲಿನ ಕವರು, ರಟ್ಟಿನ ತುಂಡು ಅಂಟಿಸಿ ನೀಲಿ ಬುಟ್ಟಿಯ ಮೇಲೆ ತೂಗುಹಾಕಿದ್ದೆವು. ಹೊಸದಾಗಿ ಬಂದ ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಹೊರಗಿಡುವ ಡ್ರಮ್ಮುಗಳಿಗೆ ಕೊಂಡಿ ಹಾಕುವ ಮುಚ್ಚಳ ಬೇಕು. ಮಂಗ ಸುಮ್ಮನೆ ಮುಚ್ಚಿದ್ದನ್ನು ತೆಗೆಯುತ್ತದೆ, ಕಾಡುಹಂದಿ ಉರುಳಿಸುತ್ತದೆ. ಊಟದ ವಾಸನೆಗೆ ಬೀದಿನಾಯಿಗಳು ಕೂಡಿದರೆ, ನಾಯಿಯ ಆಸೆಗೆ ಕಾಡಂಚಿನಲ್ಲಿ ಚಿರತೆ ಬರುತ್ತದೆ. ಹಲಸಿನ ಕಾಲದಲ್ಲಿ ತಿಂದ ಹಣ್ಣಿನ ರೆಚ್ಚೆಯನ್ನು (ತೊಳೆ ಬಿಡಿಸಿ ಉಳಿದದ್ದನ್ನು) ಬೇಲಿಯಾಚೆ ಎಸೆದರೆ ಆನೆಯನ್ನು ನಾವೇ ಕರೆದ ಹಾಗೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ನಿಯಮಕ್ಕೆ ತಲೆಬಾಗದ ಹುಡುಗರೂ ಆನೆಯ ಮಾತು ಕೇಳುತ್ತಾರೆ.

ಹಂತ 5: ಹಸಿ ಕಸವನ್ನು ಗೊಬ್ಬರ ಮಾಡುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಹೆಚ್ಚಿನ ಸಂಸ್ಥೆಗಳು ಸೋಲುವುದು ಇಲ್ಲೇ.

ಜಾಗ. ಗುಂಡಿ ಬೇಡವೇ ಬೇಡ. ನೆಲದಿಂದ ಅರ್ಧ ಅಡಿ ಎತ್ತರಿಸಿದ ಸಿಮೆಂಟ್ ಕಟ್ಟೆಯ ಮೇಲೆ, ಗಾಳಿ ಆಡುವ ಹಾಗೆ ಸಂದು ಬಿಟ್ಟು ಇಟ್ಟಿಗೆಯಲ್ಲಿ ಕಟ್ಟಿದ ತೊಟ್ಟಿಗಳು ಬೇಕು. ಬಾವಿ, ತೋಡುಗಳಿಂದ 30 ಮೀಟರ್‌ನಷ್ಟಾದರೂ ದೂರವಿರಲಿ. ಬರೆಯ ಅಂಚಿನಲ್ಲಿ ಕಟ್ಟಬೇಡಿ, ಬರೆಯ ಕೆಳಗೂ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಳಿಜಾರಿನಲ್ಲಿ ಕಸ ಸುರಿದರೆ ಚರಂಡಿ ಕಟ್ಟಿಕೊಂಡು ನೀರು ಮಣ್ಣಿನೊಳಗೆ ಇಂಗುತ್ತದೆ, ಮಣ್ಣು ಸಡಿಲವಾಗುತ್ತದೆ.

ಮಾಡು (ಸೂರು). ಜಿಂಕ್ ಶೀಟಿನ ಮಾಡು ನಾಲ್ಕೂ ಕಡೆ ಮೂರು ಅಡಿ ಹೊರಚಾಚಿರಲಿ. ನಮ್ಮ ಮಳೆ ನೆಟ್ಟಗೆ ಬೀಳುವುದಿಲ್ಲ, ಗಾಳಿಯ ಜೊತೆ ಓರೆಯಾಗಿ ಬಂದು ಹೊಡೆಯುತ್ತದೆ. ಮಳೆ ಹೊಡೆಯುವ ಕಡೆಗೆ ಶೇಡ್ ನೆಟ್ಟೋ ಟಾರ್ಪಾಲೋ ಇಳಿಬಿಡಿ. ಸುತ್ತ ಚರಂಡಿ ಮಾಡಿ ಮಳೆನೀರನ್ನು ಬೇರೆ ದಾರಿಗೆ ತಿರುಗಿಸಿ. ತೊಟ್ಟಿಯಿಂದ ಸೋರುವ ರಸಕ್ಕೆ ಬೇರೆಯೇ ಕಿರುಕಾಲುವೆ, ಅದರ ತುದಿಯಲ್ಲೊಂದು ಮುಚ್ಚಿದ ಡ್ರಮ್ಮು ಇರಲಿ. ಆ ರಸವನ್ನು ಒಣಗಿದ ತೊಟ್ಟಿಗೆ ಮರಳಿ ಸುರಿಯಬಹುದು, ಇಲ್ಲವೇ ಹತ್ತು ಪಾಲು ನೀರು ಬೆರೆಸಿ ಗಿಡಗಳ ಬುಡಕ್ಕೆ ಹಾಕಬಹುದು. ತೋಡಿಗೆ ಮಾತ್ರ ಬಿಡಬಾರದು.

ಎಷ್ಟು ತೊಟ್ಟಿ? ಉದಾಹರಣೆಗೆ ನಿಮ್ಮ ಲೆಕ್ಕದಲ್ಲಿ ದಿನಕ್ಕೆ 60 ಕೆ.ಜಿ. ಹಸಿ ಕಸ ಬಂತು ಎನ್ನಿ. ಅದು ಸುಮಾರು 130 ಲೀಟರ್ ಜಾಗ ಹಿಡಿಯುತ್ತದೆ. ಒಣ ಎಲೆ ಸೇರಿದರೆ 200 ಲೀಟರ್ ದಾಟುತ್ತದೆ, ಆದರೆ ದಿನ ಹೋದಂತೆ ಕುಗ್ಗಿ ಅರ್ಧಕ್ಕೆ ಇಳಿಯುತ್ತದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ತೊಟ್ಟಿ ಹೆಚ್ಚುಕಡಿಮೆ ಎರಡು ವಾರಕ್ಕೆ ತುಂಬುತ್ತದೆ. ಗೊಬ್ಬರ ಮಾಗಲು ಬೇಸಿಗೆಯಲ್ಲಿ 45ರಿಂದ 60 ದಿನ, ಮಳೆಗಾಲದಲ್ಲಿ 90 ದಿನದವರೆಗೆ ಬೇಕು. ಹಾಗಾದರೆ ಬೇಸಿಗೆಗೆ ಐದು ತೊಟ್ಟಿ ಸಾಕು, ಜುಲೈಗೆ ಏಳು ಬೇಕು. ಏಳು ಕಟ್ಟಿ. ಐದು ಕಟ್ಟಿದವರು ಆಗಸ್ಟ್‌ನಲ್ಲಿ ಹಸಿ ಕಸವನ್ನು ಎಲ್ಲಿಗೆ ಒಯ್ಯುತ್ತಾರೆ ಎಂದು ನೋಡಿದ್ದೇನೆ: ಹಿಂದಿನ ಬಾಣೆಗೆ, ಎಂದರೆ ಪಾಳು ಗುಡ್ಡಕ್ಕೆ. ಮಡಿಕೇರಿಯ ಚಳಿಗೆ ಸಣ್ಣ ಡ್ರಮ್ಮುಗಳಲ್ಲಿ ಕಾವು ನಿಲ್ಲುವುದಿಲ್ಲ. ರಾಶಿ ಎಲ್ಲ ದಿಕ್ಕಿಗೂ ಒಂದು ಮೀಟರ್ ಇದ್ದರೆ ಒಳಗೆ ಬಿಸಿ ಹಿಡಿಯುತ್ತದೆ.

ಒಣ ಎಲೆಯ ಸಂಗ್ರಹ. ಮಳೆಗಾಲದ ಗೊಬ್ಬರ ತಯಾರಾಗುವುದು ಜನವರಿಯಿಂದ ಏಪ್ರಿಲ್‌ವರೆಗೆ ನೀವು ಕೂಡಿಟ್ಟ ಎಲೆಯಿಂದ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ನೀರೂ ಹೆಚ್ಚು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ಲೆಕ್ಕ ಬಿಟ್ಟು ಕೈಯಳತೆಯಲ್ಲಿ ಹೇಳುವುದಾದರೆ, ಒಂದು ಬಕೆಟ್ ಹಸಿ ಕಸಕ್ಕೆ ಒಂದೂವರೆಯಿಂದ ಎರಡು ಬಕೆಟ್ ಒಣ ಎಲೆ. ಆವರಣದಲ್ಲಿ ಬಿದ್ದ ಎಲೆಯನ್ನು ಸುಡಿಸುವುದನ್ನು ಇಂದೇ ನಿಲ್ಲಿಸಿ, ಗೋಣಿಗೆ ತುಂಬಿಸಿ, ಮಾಡಿನ ಕೆಳಗೆ ಅಟ್ಟಣಿಗೆ ಕಟ್ಟಿ ಇಡಿಸಿ. ಸಿಲ್ವರ್ ಓಕ್ ಎಲೆ ಗಟ್ಟಿ, ಬೇಗ ಕರಗದು. ಹಾಲುವಾಣದ ಎಲೆ ಬೇಗ ಕರಗುತ್ತದೆ. ಎರಡನ್ನೂ ಬೆರೆಸಿ. ಎಲೆ ಸಾಲದೆ ಹೋದರೆ ಕಾಫಿ ಹೊಟ್ಟು, ಮರದ ಮಿಲ್ಲಿನ ಪುಡಿ, ಭತ್ತದ ಹುಲ್ಲು ನಡೆಯುತ್ತವೆ. ಕಾಫಿ ಹೊಟ್ಟನ್ನು, ಒಣ ಕಾಫಿಯ ಹೊಟ್ಟು ಬಿಡಿಸುವ (ಕ್ಯೂರಿಂಗ್) ಕೆಲಸ ನಡೆಯುವ ತಿಂಗಳುಗಳಲ್ಲೇ ಮಾತಾಡಿ ತರಿಸಿ. ಹಣ್ಣು ಬಿಡಿಸಿದ ಹಸಿ ಸಿಪ್ಪೆ ಬೇರೆ, ಅದು ನೀರು ತುಂಬಿದ್ದು, ಒಣ ಎಲೆಯ ಬದಲಿಗೆ ಬಾರದು.

ಹಾಕುವ ಕ್ರಮ. ತಳಕ್ಕೆ ಒರಟು ಕಡ್ಡಿಗಳು ಅರ್ಧ ಅಡಿ. ಅದರ ಮೇಲೆ ಎಲೆ, ಹಸಿ ಕಸ, ಎರಡು ಬೊಗಸೆ ಹಳೆಯ ಗೊಬ್ಬರ ಅಥವಾ ಸಗಣಿ ನೀರು, ಮತ್ತೆ ಎಲೆ. ಪ್ರತಿ ಸಲವೂ ಮೇಲಿನ ಪದರ ಎಲೆಯದೇ ಆಗಿರಬೇಕು, ಹಸಿ ಕಸ ಕಣ್ಣಿಗೆ ಕಾಣಬಾರದು. ಬಾಳೆದಿಂಡು, ಎಳನೀರಿನ ಚಿಪ್ಪು ಕತ್ತರಿಸದೆ ಹಾಕಬೇಡಿ. ಕತ್ತರಿಸುವ ಯಂತ್ರ ಕೊಂಡರೂ ಒಂದು ಒಳ್ಳೆಯ ಕತ್ತಿ, ಒಂದು ಮರದ ದಿಮ್ಮಿ ಇಟ್ಟುಕೊಳ್ಳಿ. ಕರೆಂಟು ಹೋದ ವಾರ ಕೆಲಸಕ್ಕೆ ಬರುವುದು ಅವೇ. ಮೊದಲ ತಿಂಗಳು ವಾರಕ್ಕೊಮ್ಮೆ ಮಗುಚಿ, ಆಮೇಲೆ ಹದಿನೈದು ದಿನಕ್ಕೊಮ್ಮೆ.

ಹದ ನೋಡುವುದು. ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಿ. ಎರಡು ಮೂರು ಹನಿ ಬಂದರೆ ಸರಿ. ಧಾರೆಯಾದರೆ ನೀರು ಹೆಚ್ಚು, ಉದುರಿದರೆ ಕಡಿಮೆ. ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವೆ ಹತ್ತು ನಿಮಿಷ ಚುಚ್ಚಿಟ್ಟು ತೆಗೆಯಿರಿ. ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ಒಳಗೆ 55 ಡಿಗ್ರಿ ಮೇಲಿದೆ ಎಂದು ತಿಳಿಯಬಹುದು. ಕಳೆಬೀಜ, ರೋಗಾಣುಗಳು ಸಾಯುವುದು ಆ ಕಾವಿಗೆ. ಮೂಗಿಗೆ ಚುರುಗುಟ್ಟುವ ವಾಸನೆ ಬಂದರೆ ಎಲೆ ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಅವತ್ತೇ ಮಗುಚಿ. ಬಿಳಿ ಬೂಷ್ಟಿನ ಎಳೆ ಕಂಡರೆ ಹೆದರಬೇಡಿ, ಅದು ಎಲೆಯನ್ನು ಕರಗಿಸುತ್ತಿದೆ. ಹುಳ ಎದ್ದರೆ ಒಣ ಎಲೆ ಹೆಚ್ಚು ಮಾಡಿ, ನಡುವಿನದನ್ನು ಮೇಲೆ, ಮೇಲಿನದನ್ನು ನಡುವಿಗೆ ಮಾಡಿ.

ಮಾಂಸ, ಮೂಳೆ, ಮಿಕ್ಕಿದ ಊಟ. ಮಿಕ್ಕ ಅನ್ನ ಸಾರನ್ನು ಜರಡಿಯಲ್ಲಿ ಸೋಸಿ ನೀರು ಬಸಿದು ಹಾಕಿ. ಮೂಳೆ, ಕೊಬ್ಬು ಬಿಸಿಯಿರುವ ತೊಟ್ಟಿಯ ನಡುವಿಗೆ ಮಾತ್ರ, ಮೇಲೆ ಒಂದಡಿ ಎಲೆ. ಊಟ ಮಿಕ್ಕರೆ ಹಂದಿ ಸಾಕಣೆಯವರಿಗೆ ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಈಗ ಅದರಲ್ಲಿ ಅಪಾಯವಿದೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಭಾರತಕ್ಕೆ ಬಂತು. ಅದರ ವೈರಸ್ಸು ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಬಹಳ ದಿನ ಬದುಕುತ್ತದೆ, ತಗುಲಿದ ಹಂದಿಗೆ ಚಿಕಿತ್ಸೆ ಇಲ್ಲ. ಪಂದಿ ಕರಿ ಮಾಡಿದ ದಿನದ ಉಳಿಕೆಯನ್ನು, ಹಸಿ ಮಾಂಸದ ಚೂರನ್ನು, ಮಾಂಸ ತೊಳೆದ ನೀರನ್ನು ಯಾವ ಹಂದಿಗೂ ಹಾಕಲು ಕೊಡಬೇಡಿ. ಮನೆಯ ದುಡಿಮೆಯೇ ಆ ಹಂದಿಗಳಾಗಿರುವ ಕುಟುಂಬವನ್ನು ನಮ್ಮ ಒಂದು ಬಕೆಟ್ ಹಾಳು ಮಾಡಬಹುದು.

ಬಯೋಗ್ಯಾಸ್ ಬಗ್ಗೆ ಹಲವರು ಕೇಳುತ್ತಾರೆ. ಮಿಕ್ಕ ಅಡುಗೆಗೆ ಅದು ಒಳ್ಳೆಯ ದಾರಿ. ಒಂದು ಘನ ಮೀಟರ್ ಅನಿಲ ಸುಮಾರು 0.45 ಕೆ.ಜಿ. ಅಡುಗೆ ಅನಿಲಕ್ಕೆ ಸಮ. ಆದರೆ ಅನಿಲ ಮಾಡುವ ಸೂಕ್ಷ್ಮಜೀವಿಗಳು ಚುರುಕಾಗಿರಲು 30 ಡಿಗ್ರಿ ಮೇಲಿನ ಕಾವು ಬೇಕು. ಕುಶಾಲನಗರ ಕಡೆ ಧೈರ್ಯವಾಗಿ ಮಾಡಬಹುದು. ಮಡಿಕೇರಿ, ಭಾಗಮಂಡಲ ಕಡೆ ಮಳೆಗಾಲ ಚಳಿಗಾಲಗಳಲ್ಲಿ ಅನಿಲ ಇಳಿದುಹೋಗುತ್ತದೆ, ಹಾಗಾಗಿ ಅದನ್ನೇ ನಂಬಿ ತೊಟ್ಟಿಗಳ ಸಂಖ್ಯೆ ಕಡಿಮೆ ಮಾಡಬೇಡಿ.

ಕರಿದ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು, ಗೊಬ್ಬರಕ್ಕೂ ಬೇಡ. ಡಬ್ಬದಲ್ಲಿ ಕೂಡಿಟ್ಟು ಬಯೋಡೀಸೆಲ್‌ಗೆ ಒಯ್ಯುವ ಅಧಿಕೃತ ಸಂಗ್ರಾಹಕರಿಗೆ ಕೊಡಿ. ರಸ್ತೆಬದಿಯ ಕರಿಯುವ ಅಂಗಡಿಗೆ ಮಾರಿದರೆ ಅದು ತಿರುಗಿ ಯಾರದೋ ಹೊಟ್ಟೆಗೆ ಹೋಗುತ್ತದೆ.

ಹಂತ 6: ಒಣ ಕಸಕ್ಕೆ ಒಂದು ಒಣಗಿದ ಕೋಣೆ

ರಟ್ಟು, ಕಾಗದ ಒದ್ದೆಯಾಗಿ ಬೂಷ್ಟು ಹಿಡಿದರೆ ಯಾವ ಗುಜರಿಯವರೂ ಕೊಳ್ಳುವುದಿಲ್ಲ. ಕೋಣೆಯ ನೆಲದಿಂದ ಒಂದಡಿ ಮೇಲೆ ಹಲಗೆ ಅಟ್ಟಣಿಗೆ, ಗೋಡೆಯಿಂದ ಅರ್ಧ ಅಡಿ ದೂರ. ಹಾಲಿನ ಕವರನ್ನು ಅಡುಗೆಮನೆಯಲ್ಲೇ ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ. ಒಲೆಯ ಹಿಂದಿನ ಗೋಡೆಯ ಬಿಸಿ ಇದಕ್ಕೆ ಸಾಕಾಗುತ್ತದೆ. ರಟ್ಟು, ಬಿಳಿ ಕಾಗದ, ಪತ್ರಿಕೆ, ಹಾಲಿನ ಕವರು, ಬಾಟಲಿ, ಗಟ್ಟಿ ಪ್ಲಾಸ್ಟಿಕ್, ಲೋಹ, ಗಾಜು, ಕೊನೆಗೆ ಚಿಪ್ಸ್ ಪೊಟ್ಟಣದಂಥ ಹೊಳೆಯುವ ಪದರದವು: ಇಷ್ಟು ಗೋಣಿ ಇರಲಿ. ಕೊನೆಯದನ್ನು ಯಾರೂ ದುಡ್ಡು ಕೊಟ್ಟು ಒಯ್ಯುವುದಿಲ್ಲ. ಅದನ್ನು ಸುಡಬೇಡಿ, ಪಟ್ಟಣದ ಸಂಸ್ಥೆಯಾದರೆ ಪೌರಸಂಸ್ಥೆಯ ಗಾಡಿಗೆ, ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿಗೆ ಬೇರೆ ಚೀಲದಲ್ಲೇ ಕೊಡಿ. ತೆರೆದ ಜಾಗದಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ಹೇಳಿತು.

ಕೋಣೆಯ ಅಳತೆಯನ್ನೂ ಜುಲೈಗೆ ತಕ್ಕಂತೆ ನೋಡಿ. ವಾರಕ್ಕೊಮ್ಮೆ ಗಾಡಿ ಬರುವುದಾದರೆ ಮೂರು ವಾರದ ಕಸ ಹಿಡಿಸಬೇಕು.

ಪಂಚಾಯಿತಿಯ ಸ್ವಚ್ಛ ಸಂಕೀರ್ಣಗಳನ್ನು (ಕಸ ವಿಂಗಡಿಸುವ ಘಟಕಗಳನ್ನು) ಅನೇಕ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನಡೆಸುತ್ತಾರೆ. ಕೊಡುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ನೋಡಿ ಬನ್ನಿ. ನಾವು ಬೆರೆಸಿ ಕಳಿಸಿದ ಚೀಲದಿಂದ ಅವರು ಕೈಯಿಂದ ಅನ್ನ ಬಿಡಿಸುವುದನ್ನು ನೋಡಿದ ಮೇಲೆ ನಮ್ಮ ವಿದ್ಯಾರ್ಥಿ ಪ್ರತಿನಿಧಿಗಳು ಬದಲಾದರು. ನಾನೂ ಬದಲಾದೆ.

ಗುಜರಿಗೆ ಮಾರಿದ್ದಕ್ಕೆ ತೂಕದ ಚೀಟಿ, ರಸೀದಿ ಪಡೆಯಲೇಬೇಕು. ಹಣವನ್ನು ನಿಮ್ಮ ಇಲಾಖೆಯ ನಿಯಮದಂತೆ ಖಜಾನೆಗೋ ಸಂಸ್ಥೆಯ ಖಾತೆಗೋ ಜಮಾ ಮಾಡಿ. ಮೊತ್ತ ಸಣ್ಣದು ಎಂದು ಕೈಯಲ್ಲಿ ಇಟ್ಟುಕೊಂಡರೆ ಆಡಿಟ್‌ನಲ್ಲಿ ಅದೇ ದೊಡ್ಡದಾಗುತ್ತದೆ, ಕೆಲಸ ಮಾಡಿದವರ ಮೇಲೆಯೇ ಅನುಮಾನ ಬರುತ್ತದೆ.

ಹಂತ 7: ಸ್ಯಾನಿಟರಿ ಮತ್ತು ಆರೋಗ್ಯ ಕೊಠಡಿಯ ಕಸ

ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೆಂಪು ಬುಟ್ಟಿಗೆ. ಸುತ್ತಲು ಕತ್ತರಿಸಿದ ಪತ್ರಿಕೆಯ ಹಾಳೆಗಳನ್ನು ಶೌಚಾಲಯದಲ್ಲೇ ತೂಗುಹಾಕಿ. ಹುಡುಗಿಯರು ಕೇಳಿ ಪಡೆಯುವ ಹಾಗೆ ಮಾಡಬೇಡಿ. ಶೌಚಾಲಯದಲ್ಲಿ ಇಡುವ ಸಣ್ಣ ಸುಡುವ ಯಂತ್ರದ ಬಗ್ಗೆ ನನಗೆ ಒಲವಿಲ್ಲ. ಮಕ್ಕಳ ಕೋಣೆಯ ಪಕ್ಕದಲ್ಲೇ ಪ್ಲಾಸ್ಟಿಕ್ ಹೊಗೆ, ಕರೆಂಟಿಲ್ಲದ ದಿನ ಅರ್ಧ ಸುಟ್ಟ ರಾಶಿ. ಬೇರೆ ಮಾಡಿ ಗಾಡಿಗೆ ಕೊಡುವುದೇ ಮೇಲು.

ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ. 85ರಷ್ಟು ಸಾಮಾನ್ಯ ಕಸವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದು ಅದರೊಳಗೆ ಬೆರೆತರೆ ಎಲ್ಲವೂ ಅಪಾಯದ ಕಸವಾಗುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಡ್ರಿಪ್ ನಳಿಕೆ, ಸೂಜಿ ತೆಗೆದ ಸಿರಿಂಜು, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿ ಹರಿಯದ ಬಿಳಿ ಡಬ್ಬಕ್ಕೆ. ಔಷಧದ ಗಾಜಿನ ಸೀಸೆ ನೀಲಿಗೆ. ಇವು ಆಸ್ಪತ್ರೆ ಕಸದ ಬಣ್ಣಗಳು, ಮಹಡಿಯ ಬುಟ್ಟಿಗಳ ಬಣ್ಣಕ್ಕೂ ಇವಕ್ಕೂ ನಂಟಿಲ್ಲ. ರಕ್ತ ತಾಗಿದ ಕಸವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಾಸ್ಟೆಲ್ಲಿನ ಆರೋಗ್ಯ ಕೊಠಡಿಯಲ್ಲಿ ಇದು ಕಡಿಮೆ ಬರುತ್ತದೆ, ಆದರೆ ಸೂಜಿ ಒಂದೇ ಇದ್ದರೂ ಅದಕ್ಕೆ ಬಿಳಿ ಡಬ್ಬ ಬೇಕು; ಹತ್ತಿರದ ಆಸ್ಪತ್ರೆಯ ಜೊತೆ ಬರಹದಲ್ಲಿ ಒಪ್ಪಂದ ಮಾಡಿಕೊಂಡು ಅಲ್ಲಿಗೆ ಮುಟ್ಟಿಸಿ.

ಹಂತ 8: ಟ್ಯೂಬು, ಬ್ಯಾಟರಿ, ಕಂಪ್ಯೂಟರು, ಹಳೆಯ ಕಡತ

ಎಲ್‌ಇಡಿ ಅಲ್ಲದ ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಒಡೆಯಬಾರದು. ಹೊಸದು ಬಂದ ಪೆಟ್ಟಿಗೆಯಲ್ಲೇ ಹಳೆಯದನ್ನು ನಿಲ್ಲಿಸಿಡಿ. ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ, ಬಿಲ್ಲಿನಲ್ಲಿ ನಮೂದಿಸಿ. ಹಾಳಾದ ಕಂಪ್ಯೂಟರು, ಪ್ರಿಂಟರುಗಳು ವರ್ಷಗಟ್ಟಲೆ ಮೂಲೆಯಲ್ಲಿ ಬೀಳಲು ಕಾರಣ ದಾಸ್ತಾನು ಪುಸ್ತಕ. ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲಿಸಿ, ನಿರುಪಯುಕ್ತ ಎಂದು ಸಮಿತಿಯಿಂದ ದಾಖಲೆ ಮಾಡಿಸಿ, ಮೇಲಧಿಕಾರಿಗಳ ಮಂಜೂರಾತಿ ಪಡೆದು, ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಕೊಡಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೊಡುವ ಮೊದಲು ಹಾರ್ಡ್ ಡಿಸ್ಕ್ ತೆಗೆದು ಅಳಿಸಿ.

ಕಡತಗಳಿಗೂ ಅದೇ ಎಚ್ಚರ. ಶಾಶ್ವತವಾಗಿ ಇಡಬೇಕಾದ ವರ್ಗದ ಕಡತ ಯಾವುದು, ಅವಧಿ ಮುಗಿದದ್ದು ಯಾವುದು ಎಂದು ದಾಖಲೆ ಕೋಣೆಯವರು ಬೇರೆ ಮಾಡಿ ಸಹಿ ಹಾಕಿದ ಮೇಲೆಯೇ ಗೋಣಿಗೆ. ಮಕ್ಕಳ ಆಧಾರ್ ಪ್ರತಿ, ರೋಗಿಗಳ ಚೀಟಿ, ಉತ್ತರ ಪತ್ರಿಕೆ ಇವನ್ನು ಹರಿದು ಚೂರು ಮಾಡದೆ ಹೊರಗೆ ಬಿಡಬೇಡಿ. ಕಡಲೆ ಕಟ್ಟುವ ಪೊಟ್ಟಣದಲ್ಲಿ ಅವು ಕಾಣಿಸಿಕೊಳ್ಳುತ್ತವೆ.

ಹಂತ 9: ಕಸ ಮುಟ್ಟುವವರ ಮೈ

ಮಳೆಗಾಲದಲ್ಲಿ ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯದ ಮೂಲಕ ಒಳಹೊಕ್ಕು ಇಲಿಜ್ವರ ತರುತ್ತದೆ. ಮೊಣಕಾಲೆತ್ತರದ ಗಂಬೂಟು, ದಪ್ಪ ರಬ್ಬರ್ ಕೈಗವಸು, ಮಳೆ ಅಂಗಿ, ಟೊಪ್ಪಿ ಇವು ಜೂನ್ ಒಂದರೊಳಗೆ ಕೈಸೇರಬೇಕು. ಕೈಗವಸು ಪ್ರತಿಯೊಬ್ಬರಿಗೂ ಎರಡು ಜೊತೆ, ಒಂದು ಒಣಗಲು ಬಿಟ್ಟಾಗ ಇನ್ನೊಂದು. ಕೆಲಸ ಮುಗಿದ ಮೇಲೆ ಬಿಸಿನೀರು, ಸೋಪು, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇರಲಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ದಿನಾಂಕ ಬರೆದಿಡಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ನುಂಗಿ ಕೆಲಸಕ್ಕೆ ಬನ್ನಿ ಎನ್ನದೆ ಅವತ್ತೇ ಆಸ್ಪತ್ರೆಗೆ ಕಳಿಸಿ. ಗುತ್ತಿಗೆ ನೌಕರರಾದರೆ ಇವೆಲ್ಲವೂ ಟೆಂಡರಿನ ಷರತ್ತುಗಳಲ್ಲೇ ಇರಬೇಕು. ಷರತ್ತಿನಲ್ಲಿ ಇಲ್ಲದ್ದನ್ನು ಗುತ್ತಿಗೆದಾರರು ಕೊಡುವುದಿಲ್ಲ.

ಹಂತ 10: ವರ್ಷದ ಲೆಕ್ಕ

ಜನವರಿಯಿಂದ ಏಪ್ರಿಲ್: ಎಲೆ ಕೂಡಿಡುವುದು. ದಿನಕ್ಕೆ ಬೇಕಾಗುವ ಗೋಣಿಯನ್ನು 120 ದಿನಕ್ಕೆ ಗುಣಿಸಿ, ಅಷ್ಟು ಸಿಗುವವರೆಗೆ ನಿಲ್ಲಿಸಬೇಡಿ. ಸುತ್ತಲಿನ ತೋಟಗಳಲ್ಲಿ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದಾಗ ಸಣ್ಣ ಕಡ್ಡಿಗಳನ್ನು ಕೇಳಿ ಪಡೆಯಿರಿ, ತಳದ ಪದರಕ್ಕೆ ಬೇಕಾಗುತ್ತವೆ. ಮೇ: ಮಾಡಿನ ಶೀಟು, ಚರಂಡಿ ಸರಿಪಡಿಸುವುದು, ಮಾಗಿದ ಗೊಬ್ಬರವನ್ನೆಲ್ಲ ತೆಗೆದು ಕನಿಷ್ಠ ನಾಲ್ಕು ತೊಟ್ಟಿ ಖಾಲಿ ಮಾಡಿಕೊಳ್ಳುವುದು, ಒಣ ಕಸವನ್ನು ಪೂರ್ತಿ ಮಾರಿ ಕೋಣೆ ಬರಿದು ಮಾಡುವುದು. ಜೂನ್‌ನಿಂದ ಸೆಪ್ಟೆಂಬರ್: ದಿನಾ ಬೆಳಿಗ್ಗೆ ಒಬ್ಬರು ಚರಂಡಿ, ರಸದ ಡ್ರಮ್ಮು ನೋಡಲೇಬೇಕು, ಭಾನುವಾರವೂ. ಅಕ್ಟೋಬರ್: ಗೊಬ್ಬರ ಜರಡಿ ಹಿಡಿದು ತೋಟಕ್ಕೆ. ಪಕ್ಕದ ಮನೆಯವರಿಗೂ ಎರಡು ಚೀಲ ಕೊಡಿ.

ದಾಖಲೆಗೆ ಒಂದೇ ಪುಸ್ತಕ ಸಾಕು: ದಿನಾಂಕ, ಹಸಿ ಎಷ್ಟು, ಒಣ ಎಷ್ಟು, ಮಿಕ್ಕ ಅಡುಗೆ ಎಷ್ಟು, ಯಾವ ತೊಟ್ಟಿ, ಯಾರಿಗೆ ಕೊಟ್ಟದ್ದು, ಸಹಿ. ತಿಂಗಳಿಗೊಮ್ಮೆ ಮುಖ್ಯಸ್ಥರು ಆ ಪುಸ್ತಕ ಹಿಡಿದು, ಸ್ವಚ್ಛತೆಯ ಅಕ್ಕಂದಿರ ಜೊತೆ ತೊಟ್ಟಿಯ ತನಕ ನಡೆದುಬರಲಿ. ತಾವೇ ಒಂದು ನೀಲಿ ಬುಟ್ಟಿ ಸುರಿದು ನೋಡಲಿ. ಅದರಲ್ಲಿ ಅನ್ನ ಕಂಡರೆ ಯಾವ ಮಹಡಿಯದು ಎಂದು ಕೇಳಿ, ಆ ಮಹಡಿಯ ಮಕ್ಕಳ ಜೊತೆ ಅಂದೇ ಕೂತು ಮಾತಾಡಲಿ.

ಗುಂಡಿ ಮುಚ್ಚಿಸಿ, ಮಾಡು ಹೊದಿಸಿದ ತೊಟ್ಟಿಗಳನ್ನು ಕಟ್ಟಿಸಿದ ಮರುವರ್ಷ, ಆಗಸ್ಟ್‌ನಲ್ಲಿ ಅದೇ ಹಿರಿಯರ ಮನೆಗೆ ಹೋಗಿದ್ದೆ. ಮಳೆ ಸುರಿಯುತ್ತಲೇ ಇತ್ತು. ಕೊಡೆ ಹಿಡಿದು ನನ್ನ ಜೊತೆ ತೋಡಿನವರೆಗೂ ಬಂದರು, ಬಗ್ಗಿ ನೀರು ಮೊಗೆದು ಮೂಸಿದರು. "ಮಣ್ಣಿನ ನೀರೇ" ಎಂದರು, ಒಳಗೆ ಕರೆದು ಕಾಫಿ ಕೊಟ್ಟರು.